ಗ್ರಿಲ್ಲಿನಲ್ಲಿ ತೂಗುವ ಯಕ್ಷಗಾನ

"ಒಂದು ಸೆಟ್ಟು ಆಗಲೇ ಮಾಡಿ ಆಗಿದೆಯಂತೆ. ಇನ್ನೊಂದು ಮಾಡ್ಲಿಕ್ಕೆ ಬಿಡುವುದಿಲ್ಲ ಅಂತ ಹೇಳ್ತಾ ಉಂಟು ನಿಮ್ಮ ಕಂಪ್ಯೂಟರು," ಎಂದಳು ಜಯಲತಾ.

ಹರಿಶ್ಚಂದ್ರ ಅವಳ ಹೆಗಲ ಹಿಂದಿನಿಂದ ಬಗ್ಗಿ ಪರದೆ ನೋಡಿದ. ಮುಂಬಯಿ ಬಳಿಯ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ವಸಾಹತಿನ ಎರಡು ಕಾರ್ಖಾನೆಗಳಲ್ಲಿ ಕ್ಯಾಂಟೀನು ನಡೆಸುವ ಮನುಷ್ಯ. ಅಂಗಿಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಮಗಳು ಮನೆ ಬಿಟ್ಟ ದಿನದಿಂದ ಗಡ್ಡ ತೆಗೆದಿರಲಿಲ್ಲ.

"ಎಂತ ಸೆಟ್ಟು?"

"ರಿಕವರಿ ಡಿಸ್ಕಿನದ್ದು. ಈಗಿನ ಕಂಪನಿಯವರು ಕಂಪ್ಯೂಟರಿನ ಜೊತೆ ಡಿಸ್ಕು ಕೊಡುವುದಿಲ್ಲ. ಖಾಲಿ ಡಿವಿಡಿ ತಂದು ನೀವೇ ಮಾಡಿಕೊಳ್ಳಿ ಅಂತಾರೆ. ಆ ಡಿಸ್ಕು ಹಾಕಿ ಚಾಲೂ ಮಾಡಿದ್ರೆ ಒಳಗೆ ಇದ್ದದ್ದೆಲ್ಲ ಅಳಿಸಿ ಹೋಗಿ, ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೆ ಆಗ್ತದೆ. ಒಂದು ಯಂತ್ರಕ್ಕೆ ಒಂದೇ ಸೆಟ್ಟು. ಯಾರು ಮಾಡಿದ್ದು?"

"ಯಾರೂ ಮಾಡ್ಲಿಲ್ಲ ಮಾರಾಯ್ರೆ. ಅಂಗಡಿಯವ ಹೇಳಿದ್ದ, ಮಾಡಿ ಇಟ್ಕೊಳ್ಳಿ ಅಂತ. ನಮಗೆಲ್ಲಿ ಪುರುಸೊತ್ತು? ಹಾಗೇ ಬಿಟ್ಟುಹೋಯ್ತು."

"ಯಂತ್ರಕ್ಕೆ ಸುಳ್ಳು ಹೇಳಿ ಆಗಬೇಕಾದ್ದು ಏನೂ ಇಲ್ಲ ಹರಿಶ್ಚಂದ್ರಣ್ಣ."

ಮನುಷ್ಯರ ಸುಳ್ಳು ಕೇಳಿ ಕೇಳಿ ಜಯಲತಾಳಿಗೆ ಸಾಕಾಗಿಹೋಗಿತ್ತು. ಮೊದಲು ಇನ್ಶೂರೆನ್ಸ್ ಕಂಪನಿಯ ಪರವಾಗಿ ಕ್ಲೈಮುಗಳ ವಿಚಾರಣೆ ಮಾಡಿ ಚಪ್ಪಲಿ ಸವೆಸಿದಳು. ಆಮೇಲೆ ಥಾಣೆಯಲ್ಲಿ ತನ್ನದೇ ಒಂದು ಗೂಡಿನಂಥ ಆಫೀಸು ತೆರೆದು ಪತ್ತೇದಾರಿಕೆಯ ಬೋರ್ಡು ಹಾಕಿದಳು. ಬೋರ್ಡು ನೋಡಿದವರು ಕೊಲೆ, ದರೋಡೆ ಅಂತ ಏನೇನೋ ಅಂದುಕೊಳ್ಳುತ್ತಿದ್ದರು. ಬರುತ್ತಿದ್ದದ್ದು ಮಾತ್ರ ಹುಡುಗ ಕುಡಿಯುತ್ತಾನಾ, ಹುಡುಗಿಗೆ ಮೊದಲು ಯಾರಾದರೂ ಇದ್ದರಾ ಎಂಬ ಮದುವೆ ವಿಚಾರಣೆಗಳೇ.

ಈ ಕೇಸೂ ಮದುವೆಯದ್ದೇ. ಹರಿಶ್ಚಂದ್ರನ ಒಬ್ಬಳೇ ಮಗಳು ತನ್ವಿ, ವಾಶಿಯ ಮನೀಷ್ ಎಂಬವನ ಜೊತೆ ನಿಶ್ಚಿತಾರ್ಥಕ್ಕೆ ದಿನ ಗೊತ್ತಾಗಿದ್ದಾಗ, ಹಿಂದಿನ ಮಂಗಳವಾರ ಕಾಲೇಜಿಗೆಂದು ಹೋದವಳು ತಿರುಗಿ ಬಂದಿರಲಿಲ್ಲ. ಹುಡುಗನ ಕಡೆಯವರ ಕಿವಿಗೆ ಬೀಳಬಾರದೆಂದು ಇವರು ಪೊಲೀಸಿಗೂ ಹೋಗಿರಲಿಲ್ಲ. ಹುಡುಗಿಯ ಜೀವಕ್ಕಿಂತ ನೆಂಟರ ಬಾಯಿಗೆ ಹೆದರುವ ಈ ಜನರ ಮೇಲೆ ಜಯಲತಾಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಠಾಕುರ್ಲಿಯ ಟ್ಯೂಷನ್ ಕ್ಲಾಸು, ಕಲ್ಯಾಣದ ಕಾಲೇಜು, ಮುಂಬ್ರಾದ ಗೆಳತಿಯೊಬ್ಬಳ ಮನೆ ಎಂದು ಅಲೆದು ಅಲೆದು ಅವಳ ಕಾಲು ಊದಿಕೊಂಡಿತ್ತು, ಸಿಟ್ಟಿಗೂ ಒಂದಿಷ್ಟು ತ್ರಾಣ ಬೇಕಲ್ಲ.

ಅವಳು ಕಂಪ್ಯೂಟರಿನಲ್ಲಿ ಒಂದು ಫೋಲ್ಡರನ್ನು ಒತ್ತಿ ಅದರ ತಾರೀಕು ತೋರಿಸಿದಳು. "ಈ ಕಂಪ್ಯೂಟರು ಹೊಸದಾಗಿ ಹುಟ್ಟಿದ ದಿನ ಇಲ್ಲಿ ಉಂಟು ನೋಡಿ. ಬುಧವಾರ, ಮಧ್ಯಾಹ್ನ."

"ಬುಧವಾರ ಸಂಜೆ ನಮ್ಮ ಭಾವ, ಹೆಂಡತಿಯ ಅಣ್ಣ, ಒಬ್ಬ ಕಂಪ್ಯೂಟರಿನವನನ್ನು ಕರ್ಕೊಂಡು ಬಂದಿದ್ರು. ಚಾಟು, ಈಮೇಲು ಎಲ್ಲ ತೆಗೆದು ನೋಡಿದ್ರೆ ಎಲ್ಲಿಗೆ ಹೋದ್ಲು ಅಂತ ಗೊತ್ತಾಗ್ತದೆ ಅಂತ. ಅವ ಬರುವಾಗಲೇ ಖಾಲಿ. ಹುಡುಗಿ ಹೋಗುವ ಮೊದಲು ಫಾರ್ಮ್ಯಾಟ್ ಹೊಡ್ದಿದ್ದಾಳೆ ಅಂದ."

"ಮಂಗಳವಾರ ಬೆಳಿಗ್ಗೆ ಹೋದವಳು ಬುಧವಾರ ಮಧ್ಯಾಹ್ನ ಬಂದು ಫಾರ್ಮ್ಯಾಟ್ ಹೊಡ್ದಳಾ?"

ಅಷ್ಟರಲ್ಲಿ ಹರಿಶ್ಚಂದ್ರನ ಮೊಬೈಲು ಹೊಡೆದುಕೊಂಡಿತು. ಕ್ಯಾಂಟೀನಿನಲ್ಲಿ ಗ್ಯಾಸು ಮುಗಿದಿತ್ತು, ಮಧ್ಯಾಹ್ನದ ಪಾಳಿಯವರು ತಟ್ಟೆ ಬಡಿಯುತ್ತಿದ್ದರು. "ಆಲೋ ಬಾಬಾ, ಆಲೋ!" ಬಂದೆ ಬಂದೆ ಎಂದು ಮರಾಠಿಯಲ್ಲಿ ಗದರಿದ ಅವನು, "ಈಗ ಬಂದೆ ಅಕ್ಕ, ನೀವು ಚಾ ಕುಡೀತಾ ಇರಿ," ಎನ್ನುತ್ತ ಚಪ್ಪಲಿ ಮೆಟ್ಟಿಕೊಂಡು ಓಡಿದ.

ಬುಧವಾರ ಮಧ್ಯಾಹ್ನ ಈ ಮನೆಯಲ್ಲಿ ಇದ್ದದ್ದು ಯಾರು?

ಉತ್ತರ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಮಾಡುತ್ತಿತ್ತು. ಜಯಲತಾ ದೇವರ ಗೂಡಿನ ಕಡೆ ನೋಡಿದಳು. ಹಳದಿ ಬಟ್ಟೆಯಲ್ಲಿ ಕಟ್ಟಿದ ಧರ್ಮಸ್ಥಳದ ಹರಕೆ ಕಾಣಿಕೆಯ ಮುಡಿಪು ಅಲ್ಲೇ ದೀಪದ ಪಕ್ಕದಲ್ಲಿತ್ತು. ಮೊದಲ ಸಲ ಅವಳು ಈ ಮನೆಗೆ ಬಂದ ದಿನ, ಹರಿಶ್ಚಂದ್ರ ಹೆಂಡತಿಯ ಕೈಯನ್ನು ಎಳೆದು ಆ ಮುಡಿಪಿನ ಮೇಲೆ ಇಡಿಸಿದ್ದ. "ತನ್ವಿ ಎಲ್ಲಿದ್ದಾಳೆ ಅಂತ ನನಗೆ ಗೊತ್ತಿಲ್ಲ," ಎಂದು ಸುಗಂಧಿ ಆಣೆ ಹಾಕಿದ್ದಳು. ಹಾಕಿದ ಮೇಲೆ ಬಿಕ್ಕಿ ಬಿಕ್ಕಿ ಅತ್ತಿದ್ದಳು.

ಜಯಲತಾ ಹುಟ್ಟಿದ್ದು ಕುಂದಾಪುರದ ಕಡೆ. ಮುಡಿಪು ಮುಟ್ಟಿ ಸುಳ್ಳು ಹೇಳುವ ಎದೆ ಕರಾವಳಿಯ ಹೆಂಗಸಿಗೆ ಇರುವುದಿಲ್ಲ ಎಂದು ಅವಳಿಗೆ ಗೊತ್ತು. ಬೇರೆ ಯಾವ ಪತ್ತೇದಾರನಾದರೂ ಮೊದಲು ತಾಯಿಯನ್ನೇ ವಿಚಾರಿಸುತ್ತಿದ್ದ. ಇವಳು ಮಾತ್ರ ಆವತ್ತೇ ಸುಗಂಧಿಯ ಹೆಸರನ್ನು ತಲೆಯಿಂದ ತೆಗೆದುಹಾಕಿ ಊರೆಲ್ಲ ಸುತ್ತಿದ್ದಳು.

ಮೊಣಕಾಲು ಹಿಡಿದುಕೊಂಡು ಎದ್ದು ಅವಳು ಅಡುಗೆಮನೆಗೆ ಹೋದಳು.

ಸುಗಂಧಿ ಚಹಾಕ್ಕೆ ಶುಂಠಿ ಜಜ್ಜುತ್ತಿದ್ದಳು. ನಲವತ್ತರ ಆಸುಪಾಸಿನ ಹೆಂಗಸು, ಕಣ್ಣಿನ ಕೆಳಗೆ ಕಪ್ಪು. "ಕೂತ್ಕೊಳ್ಳಿ ಅಕ್ಕ, ಅಲ್ಲಿಗೇ ತರ್ತಿದ್ದೆ," ಎಂದಳು.

"ಬೇಡ ಮಾರಾಯ್ತಿ. ಇಲ್ಲಿ ಗಾಳಿ ಬರ್ತದೆ."

ಅಡುಗೆಮನೆಗೆ ತಾಗಿ ಒಂದು ಚೋಟುದ್ದದ ಬಾಲ್ಕನಿ. ಅದಕ್ಕೆ ಕಬ್ಬಿಣದ ಗ್ರಿಲ್ಲು. ಎದುರು ಬಿಲ್ಡಿಂಗಿನ ಮೇಲೆ ಸಾಲಾಗಿ ಪಾರಿವಾಳಗಳು ಕೂತಿದ್ದವು. ಈ ಊರಿನ ಎಲ್ಲರ ಮನೆಯಂತೆ ಇಲ್ಲೂ ಪಾರಿವಾಳ ಹೆದರಲೆಂದು ಗ್ರಿಲ್ಲಿಗೆ ಹಾಳಾದ ಸಿಡಿಗಳನ್ನು ದಾರದಲ್ಲಿ ಕಟ್ಟಿ ತೂಗುಬಿಟ್ಟಿದ್ದರು. ಪಾರಿವಾಳಗಳಿಗೆ ಅದರ ಹೆದರಿಕೆ ಎಂದೋ ಹೋಗಿರಬೇಕು, ಹೆಚ್ಚಿನ ಸಿಡಿಗಳ ಮೇಲೆ ಹಿಕ್ಕೆ ಒಣಗಿತ್ತು.

ಮೂರು ಸಿಡಿಗಳ ಮೇಲೆ ಮಾತ್ರ ಇರಲಿಲ್ಲ.

ಆ ಮೂರಕ್ಕೂ ತೊಳೆದ ಹಾಲಿನ ಪ್ಲಾಸ್ಟಿಕ್ ಚೀಲ ಹೊದಿಸಿತ್ತು. ಅವುಗಳನ್ನು ಹೊರಗೆ ಚಾಚಿದ ಸರಳಿಗೆ ಕಟ್ಟದೆ, ಒಳಗಿನ ಮೂಲೆಯಲ್ಲಿ ಕಟ್ಟಿದ್ದರು. ಜಯಲತಾ ಒಂದನ್ನು ಹಿಡಿದು ತಿರುಗಿಸಿದಳು. ಪ್ಲಾಸ್ಟಿಕ್ಕಿನ ಒಳಗೆ ಗಣಪತಿಯ ಚಿತ್ರ, ಅದರ ಕೆಳಗೆ ಕಿರೀಟ ಕಟ್ಟಿದ ವೇಷ. ಯಕ್ಷಗಾನದ ವಿಸಿಡಿ. ಭಾಗ ಒಂದು. ಪಕ್ಕದ್ದು ಭಾಗ ಎರಡು. ಅದರ ಪಕ್ಕದ್ದು ಮೂರು. ಒಂದು ಗೀರೂ ಇರಲಿಲ್ಲ.

ಹಿಂದೆ ಶುಂಠಿ ಜಜ್ಜುವ ಸದ್ದು ನಿಂತಿತ್ತು.

"ಅದು ಹಾಳಾಗಿದೆ ಅಕ್ಕ. ಓಡುವುದಿಲ್ಲ."

"ಮೂರೂ ಒಟ್ಟಿಗೆ ಹಾಳಾಯ್ತಾ?"

"ಹೂಂ."

"ಹಾಳಾದ ಸಿಡಿಗೆ ಹೊದಿಕೆ ಎಂತಕ್ಕೆ ಸುಗಂಧಿ? ಪಾರಿವಾಳ ಹೆದರಬೇಕಾದ್ರೆ ಹೊಳೀಬೇಕಲ್ವಾ ಅದು?" ಜಯಲತಾಳ ದನಿಯಲ್ಲಿ ಏರಿಳಿತವಿರಲಿಲ್ಲ. "ನಾವು ಊರಿನವರು. ಲಗ್ನಪತ್ರಿಕೆಯಲ್ಲಿ ಗಣಪತಿ ಇದ್ರೆ ಅದನ್ನು ಕಸಕ್ಕೆ ಹಾಕ್ಲಿಕ್ಕೆ ಕೈ ಬರುವುದಿಲ್ಲ ನಮಗೆ. ಅಂಥದ್ದರಲ್ಲಿ ಗಣಪತಿಯನ್ನು ತಂದು ಹಕ್ಕಿ ಹೇಲುವಲ್ಲಿ ಕಟ್ಟಿದ್ದಿ. ಕಟ್ಟಿ, ಮನಸ್ಸು ತಡೀದೆ ಚೀಲ ಹೊದಿಸಿದ್ದಿ. ಇದರ ಪೆಟ್ಟಿಗೆ ಎಲ್ಲಿ ಉಂಟು? ಪೆಟ್ಟಿಗೆಯ ಒಳಗೆ ಈಗ ಎಂತ ಉಂಟು?"

ಚಹಾ ಉಕ್ಕಿ ಒಲೆಯ ಮೇಲೆ ಸುರಿಯಿತು. ಸುಗಂಧಿ ಗ್ಯಾಸು ಆರಿಸುವುದನ್ನೂ ಮರೆತು ನಿಂತಳು. ಜಯಲತಾಳೇ ಬಂದು ಆರಿಸಿದಳು.

"ಬುಧವಾರ ಅಳಿಸಿದ್ದು ನೀನು."

"ಅವರಿಗೆ ಹೇಳ್ಬೇಡಿ ಅಕ್ಕ."

"ಕಂಪ್ಯೂಟರ್ ಮುಟ್ಲಿಕ್ಕೇ ಬರುವುದಿಲ್ಲ ಅಂದಿದ್ದೆ ನೀನು."

"ಬರುವುದಿಲ್ಲ. ತನ್ವಿ ಹೇಳಿಕೊಟ್ಟದ್ದು, ಅಷ್ಟೇ." ಸುಗಂಧಿ ನೆಲದ ಮೇಲೆ ಕುಸಿದು ಕೂತಳು. ಎಷ್ಟೋ ದಿನದಿಂದ ಬಾಯಿಗೆ ಹಾಕಿಕೊಂಡಿದ್ದ ಬೀಗ ಕಳಚಿತ್ತು, ಇನ್ನು ಅವಳನ್ನು ನಿಲ್ಲಿಸುವುದು ಕಷ್ಟವಿತ್ತು. "ಹೋಗುವ ಮುಂಚೆ ಮೂರು ಡಿಸ್ಕು ಮಾಡಿ ಕೊಟ್ಲು. ಒಂದು, ಎರಡು ಅಂತ ಬರೆದದ್ದು ಅಳಿಸ್ಲಿಕ್ಕೆ. ಅಮ್ಮಾ, ಯಾರಾದ್ರೂ ನನ್ನ ಕಂಪ್ಯೂಟರ್ ತೆಗೀಲಿಕ್ಕೆ ಬಂದ್ರೆ, ಚಾಲೂ ಮಾಡುವಾಗಲೇ ಒಂದನೇದು ಹಾಕು, ಒಂದು ಕೀ ಒತ್ತು ಅಂತ ಬರ್ತದೆ, ಒತ್ತು. ಕೇಳಿದ್ದಕ್ಕೆಲ್ಲ ಯೆಸ್ ಅನ್ನು. ಅದೇ ಎರಡನೇದು ಕೇಳ್ತದೆ. ಟೆನ್ಶನ್ ಮತ್ ಲೇ ಅಂದ್ಲು. ಬುಧವಾರ ಬೆಳಿಗ್ಗೆ ಅಣ್ಣ ಫೋನು ಮಾಡಿ, ಸಂಜೆ ಕಂಪ್ಯೂಟರಿನವನನ್ನು ತರ್ತೇನೆ ಅಂದ. ನಾನು ಬಾಗಿಲು ಹಾಕಿ ಕೂತೆ. ನಡುವಲ್ಲಿ ಲೋಡ್ ಶೆಡ್ಡಿಂಗ್ ಆದ್ರೆ ಎಂತ ಮಾಡುವುದು ಅಂತ ಕೈ ಮುಗಿದುಕೊಂಡೇ ಕೂತಿದ್ದೆ. ಪರದೆಯ ಮೇಲೆ ಒಂದು ಪಟ್ಟಿ ಇಷ್ಟಿಷ್ಟೇ ತುಂಬ್ತಾ ಇತ್ತು. ಅವಳ ಚಿಕ್ಕಂದಿನ ಫೋಟೊ ಎಲ್ಲ ಅದರಲ್ಲೇ ಇದ್ದದ್ದು ಅಕ್ಕ. ನನ್ನ ಕೈಯಾರೆ ಅಳಿಸಿದೆ."

"ಮೂರನೇದು?"

"ಅದು ಅವಳದ್ದು. ಅಳಿಸುವ ಮೊದಲು ಇದ್ದದ್ದನ್ನೆಲ್ಲ ಅದರಲ್ಲಿ ತುಂಬಿಸಿಟ್ಟಿದ್ದಾಳೆ. ಫೋಟೊ, ಈಮೇಲು, ಆ ಶ್ರದ್ಧಾ ಅಂತ ಗೆಳತಿ ಬರೆದದ್ದು, ಕೆಲಸ ಸಿಕ್ಕಿದ್ದು, ಹಾಸ್ಟೆಲಿನ ವಿಳಾಸ. ಎಲ್ಲ ಉಂಟು ಅಂದ್ಲು. ಮದುವೆ ಮಾತು ನಿಂತ ಮೇಲೆ ಕಂಪ್ಯೂಟರಿಗೆ ಹಾಕಿದ್ರೆ ಮೊದಲಿನ ಹಾಗೆ ಆಗ್ತದೆ, ಜೋಪಾನ ಮಾಡು ಅಂದ್ಲು."

"ಎಲ್ಲಿಗೆ ಹೋಗ್ತೇನೆ ಅಂತ ನಿನಗೆ ಹೇಳ್ಲಿಲ್ವಾ?"

ಸುಗಂಧಿ ತಲೆಯಾಡಿಸಿದಳು. "ನವಿ ಮುಂಬಯಿಯಲ್ಲಿ ಎಲ್ಲೋ ಅಂತ ಮಾತ್ರ. ನಾನೇ ಕೇಳಿದೆ, ಹೇಳೇ ಅಂತ. ಬೇಡಮ್ಮಾ, ಅಪ್ಪ ನಿನ್ನ ಕೈಯನ್ನು ಮುಡಿಪಿನ ಮೇಲೆ ಇಡಿಸ್ತಾರೆ, ಆವಾಗ ನಿನಗೆ ಸುಳ್ಳು ಹೇಳ್ಲಿಕ್ಕೆ ಬರುವುದಿಲ್ಲ, ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ನಿಜವೇ ಹೇಳ್ಬಹುದು ಅಂದ್ಲು."

ಜಯಲತಾ ಗೋಡೆಗೆ ಒರಗಿದಳು. ಇಪ್ಪತ್ತು ವರ್ಷದ ಹುಡುಗಿ! ಕನ್ನಡ ಓದಲು ಬಾರದ, ತುಳುವಿನಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ಹುಡುಗಿ. ಅಪ್ಪ ಆಣೆ ಹಾಕಿಸುತ್ತಾನೆ, ಅಮ್ಮ ಸುಳ್ಳಾಡುವುದಿಲ್ಲ, ನೋಡಿದವರೆಲ್ಲ ನಂಬುತ್ತಾರೆ ಎಂದು ಇಷ್ಟನ್ನೂ ಮುಂಚೆಯೇ ಎಣಿಸಿಟ್ಟಿದ್ದಳು. ನಂಬಿ ಮೋಸಹೋದವರಲ್ಲಿ ಥಾಣೆಯ ಪತ್ತೇದಾರಿಣಿಯೂ ಒಬ್ಬಳು. ಆವತ್ತು ತಾನು ಕೇಳಬೇಕಾದದ್ದನ್ನು ಕೇಳಲೇ ಇಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

"ಯಾಕೆ ಹೀಗೆ ಮಾಡಿದಿ ಸುಗಂಧಿ? ಹುಡುಗ ಕೆಟ್ಟವನಾ?"

"ಗೊತ್ತಿಲ್ಲ ಅಕ್ಕ. ಅಣ್ಣ ತಂದ ಸಂಬಂಧ. ಆ ಮನೀಷನಿಗೂ ಅಣ್ಣನಿಗೂ ವ್ಯಾಪಾರ ಉಂಟು. ಹುಡುಗಿಯನ್ನು ಯಾರೂ ಕೇಳ್ಲಿಲ್ಲ. ನನ್ನನ್ನೂ ಆವಾಗ ಯಾರೂ ಕೇಳ್ಲಿಲ್ಲ. ಕಣ್ಣು ಬಿಡುವಷ್ಟರಲ್ಲಿ ಈ ಎರಡು ಕೋಣೆಯಲ್ಲಿ ಇದ್ದೆ. ಅವಳಾದ್ರೂ..." ಅವಳು ಅಂಗೈಯಿಂದ ಕಣ್ಣೊರೆಸಿಕೊಂಡಳು. "ಅವಳಾದ್ರೂ ಹೋಗ್ಲಿ ಅಂತ ಕಾಣಿಸಿತು."

ಚಹಾ ಅರ್ಧ ಉಳಿದಿತ್ತು. ಜಯಲತಾ ಅದನ್ನೇ ಎರಡು ಲೋಟಕ್ಕೆ ಬಗ್ಗಿಸಿ ಒಂದನ್ನು ಸುಗಂಧಿಯ ಕೈಗೆ ಕೊಟ್ಟಳು. ಈ ಕೇಸಿಗೆ ತನ್ನನ್ನು ಕರೆದವನು ಹರಿಶ್ಚಂದ್ರ. ಅವನಿಗೆ ಸತ್ಯ ಹೇಳುವುದು ತನ್ನ ಕೆಲಸ. ಆದರೆ ಹುಡುಗಿ ತನ್ನ ಇಷ್ಟದಿಂದ ಹೋಗಿ ಎಲ್ಲೋ ಸುಖವಾಗಿದ್ದರೆ, ಫೈಲು ಮುಚ್ಚಿ, ಸಂಜೆಯ ಸ್ಲೋ ಲೋಕಲ್ ಹಿಡಿದು ಕಿಟಕಿಯ ಪಕ್ಕ ಕೂತು ಮನೆಗೆ ಹೋಗಿಬಿಡಬಹುದು. ಅವಳಿಗೆ ನಿಜವಾಗಿ ಬೇಕಿದ್ದದ್ದು ಅದೇ.

"ಸರಿ, ಅವಳು ಚೆನ್ನಾಗಿದ್ದಾಳಲ್ಲ? ಮತ್ಯಾಕೆ ಹೀಗೆ ಅಳುವುದು ನೀನು?"

ಸುಗಂಧಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಮೊದಲು ಅತ್ತದ್ದು ನಾಟಕವೇ ಅಕ್ಕ. ಈಗ ನಾಟಕ ಅಲ್ಲ. ದಿನಾ ಬೆಳಿಗ್ಗೆ ಹಾಲಿನವ ಬರುವ ಹೊತ್ತಿಗೆ ಒಂದು ಮಿಸ್ಡ್ ಕಾಲ್ ಕೊಡ್ತಿದ್ಲು. ಒಂದೇ ರಿಂಗು. ಒಂದು ರಿಂಗು ಅಂದ್ರೆ ಚೆನ್ನಾಗಿದ್ದೇನೆ ಅಂತ. ನಾನು ಕೂಡಲೇ ನಂಬರು ಅಳಿಸಿಬಿಡಬೇಕು. ಭಾನುವಾರದವರೆಗೆ ಬಂತು. ಸೋಮವಾರ ಬರ್ಲಿಲ್ಲ. ಆಮೇಲೆ ಬರ್ಲೇ ಇಲ್ಲ."

ಜಯಲತಾ ಲೋಟ ಕೆಳಗಿಟ್ಟಳು.

"ಮೂರನೇ ಡಿಸ್ಕು ಕೊಡು. ಈಗಲೇ. ವಿಳಾಸ ಅದರಲ್ಲೇ ಉಂಟಲ್ಲ."

"ಇಲ್ಲ ಅಕ್ಕ."

"ಇಲ್ಲ ಅಂದ್ರೆ?"

"ಇವರು ಮನೆಯಿಡೀ ಜಾಲಾಡಿದ್ರು. ಅಕ್ಕಿ ಡಬ್ಬಿ ಸಹ ಸುರಿದು ನೋಡಿದ್ರು. ಎಲ್ಲಿ ಇಡುವುದು ನಾನು? ಷೋಕೇಸಿನಲ್ಲಿ ಯಕ್ಷಗಾನದ ಪೆಟ್ಟಿಗೆ ಇತ್ತು, ಮೂರು ಸಿಡಿಯದ್ದು. ಅದರ ಸಿಡಿ ತೆಗೆದು ಇದನ್ನು ಇಟ್ಟೆ. ಇವರಿಗೆ ಯಕ್ಷಗಾನದ ಆಟ ನೋಡ್ಲಿಕ್ಕೆ ಪುರುಸೊತ್ತೆಲ್ಲಿ, ಯಾರೂ ಮುಟ್ಟುವುದಿಲ್ಲ ಅಂತ. ಭಾನುವಾರ ಅಣ್ಣ ಊಟಕ್ಕೆ ಬಂದಿದ್ದ. ಊಟ ಆದ ಮೇಲೆ, ಹೊತ್ತು ಹೋಗುವುದಿಲ್ಲ, ನೋಡ್ಲಿಕ್ಕೆ ಎಂತಾದ್ರೂ ಉಂಟಾ ಅಂದ. ಇವರು ಷೋಕೇಸಿನಿಂದ ಅದನ್ನೇ ತೆಗೆದುಕೊಟ್ರು."

"ನೀನು ನೋಡ್ತಾ ನಿಂತಿದ್ದಿಯಾ?"

"ಕೈಯಲ್ಲಿ ಮಜ್ಜಿಗೆಯ ಸೌಟು ಹಿಡ್ಕೊಂಡು ನಿಂತಿದ್ದೆ. ಕೊಡಬೇಡಿ ಅಂತ ಹೇಗೆ ಹೇಳುವುದು ಅಕ್ಕ? ಒಡಹುಟ್ಟಿದ ಅಣ್ಣ ಅವ. ಆಟ ಬರ್ಲಿಲ್ಲ ಅಂತ ತಿರುಗಿ ತರ್ತಾನೆ ಅಂತ ಅಂದ್ಕೊಂಡೆ. ಅವನಿಗೆಲ್ಲಿ ಕಂಪ್ಯೂಟರ್ ಬರ್ತದೆ?"

"ಕಲ್ಯಾಣದಲ್ಲಿ ಲಾಡ್ಜು ನಡೆಸ್ತಾರಲ್ಲ ನಿನ್ನ ಅಣ್ಣ," ಎಂದಳು ಜಯಲತಾ. "ಕೌಂಟರಿನಲ್ಲಿ ಕಂಪ್ಯೂಟರು ಉಂಟು. ನಾನೇ ಕಂಡಿದ್ದೇನೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಭಾನುವಾರ ಮಧ್ಯಾಹ್ನ ಪೆಟ್ಟಿಗೆ ಹೋಯಿತು. ಸೋಮವಾರ ಬೆಳಿಗ್ಗೆ ಫೋನು ನಿಂತಿತು. ಇದನ್ನು ಬಾಯಿ ಬಿಟ್ಟು ಹೇಳುವ ಅಗತ್ಯವಿರಲಿಲ್ಲ.

ಜಯಲತಾ ಕತ್ತರಿ ತೆಗೆದುಕೊಂಡು ಗ್ರಿಲ್ಲಿನ ಮೂರು ದಾರಗಳನ್ನು ಕತ್ತರಿಸಿದಳು. ಹಾಲಿನ ಚೀಲ ತೆಗೆದು, ಸಿಡಿಗಳನ್ನು ತನ್ನ ಜಂಬದ ಚೀಲದೊಳಗೆ ಹಾಕಿಕೊಂಡಳು. ಅಷ್ಟರಲ್ಲಿ ಬಾಗಿಲ ಬೆಲ್ಲು ಹೊಡೆಯಿತು.

ಬಾಗಿಲಲ್ಲಿ ಇಬ್ಬರಿದ್ದರು. ಹರಿಶ್ಚಂದ್ರ ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದ. "ಕೆಳಗೆ ಗೇಟಿನಲ್ಲಿ ಭಾವ ಸಿಕ್ಕಿದ್ರು," ಎಂದ. ಹಿಂದೆಯೇ ಯಜ್ಞೇಶ್ವರ. ಬಿಳಿ ಸಫಾರಿ, ಹಣೆಗೆ ಗಂಧ, ಏರಿದ ಮೆಟ್ಟಿಲಿಗೆ ದಮ್ಮು. ಕೈಯಲ್ಲಿ ಯಕ್ಷಗಾನದ ಪೆಟ್ಟಿಗೆ.

"ತಗೋ ಸುಗಂಧಿ," ಎಂದು ಅದನ್ನು ಟೀಪಾಯಿಯ ಮೇಲಿಟ್ಟ. "ಈ ಕಡೆ ಬರ್ಲಿಕ್ಕಿತ್ತು, ಕೊಟ್ಟು ಹೋಗುವ ಅಂತ ಬಂದೆ. ಮೇಡಂ ಸಹ ಇದ್ದೀರಿ. ಎಂತಾದ್ರೂ ಸುದ್ದಿ ಸಿಕ್ಕಿತಾ ನಮ್ಮ ಹುಡುಗಿಯದ್ದು?"

"ಹುಡುಕ್ತಾ ಇದ್ದೇನೆ ಯಜ್ಞೇಶ್ವರಣ್ಣ," ಎಂದಳು ಜಯಲತಾ. ಆಯಾಸದ ದನಿ ತಾನಾಗಿಯೇ ಬಂತು, ಅದಕ್ಕೆ ನಟಿಸಬೇಕಾಗಿರಲಿಲ್ಲ. "ಆಟ ಹೇಗಿತ್ತು? ನೋಡಿದ್ರಾ?"

"ಭಾರೀ ಲಾಯ್ಕಿತ್ತು ಮಾರಾಯ್ರೆ. ಕೂತು ಇಡೀ ನೋಡಿದೆ. ಭಾಗವತಿಕೆ ಅಂದ್ರೆ ಭಾಗವತಿಕೆ! ಈಗಿನವರಿಗೆ ಅಂಥ ಸ್ವರ ಎಲ್ಲುಂಟು?"

"ಮೂರೂ ಭಾಗ?"

"ಮೂರೂ."

ಜಯಲತಾ ಚೀಲದಿಂದ ಸಿಡಿಗಳನ್ನು ತೆಗೆದು ಪೆಟ್ಟಿಗೆಯ ಪಕ್ಕದಲ್ಲಿ ಒಂದೊಂದಾಗಿ ಇಟ್ಟಳು. ಭಾಗ ಒಂದು. ಭಾಗ ಎರಡು. ಭಾಗ ಮೂರು. ದಾರದ ತುಂಡು ಇನ್ನೂ ಅವುಗಳಿಗೆ ಅಂಟಿಕೊಂಡಿತ್ತು.

"ಆಟ ಇಷ್ಟು ದಿನ ಇಲ್ಲೇ ಬಾಲ್ಕನಿಯಲ್ಲಿ ತೂಗ್ತಾ ಇತ್ತು," ಎಂದಳು.

ಹರಿಶ್ಚಂದ್ರನಿಗೆ ಒಂದೂ ಅರ್ಥವಾಗಲಿಲ್ಲ. ಸಿಡಿ ನೋಡಿದ, ಭಾವನನ್ನು ನೋಡಿದ, ಹೆಂಡತಿಯನ್ನು ನೋಡಿದ. "ಇದೆಂತ? ಯಾರಾದ್ರೂ ನನಗೆ ಹೇಳ್ತೀರಾ?"

ಯಜ್ಞೇಶ್ವರ ನಕ್ಕ. ಆದರೆ ನಗು ಬರಲು ಸ್ವಲ್ಪ ತಡವಾಗಿತ್ತು. "ಹೌದು ಮಾರಾಯ್ರೆ, ನಿಜ ಹೇಳ್ತೇನೆ. ಹಾಕಿ ನೋಡಿದ್ರೆ ಎಂತದೂ ಬರ್ಲಿಲ್ಲ. ಬರ್ಲಿಲ್ಲ ಅಂದ್ರೆ ಭಾವನಿಗೆ ಬೇಜಾರಾಗ್ತದೆ ಅಂತ ಲಾಯ್ಕಿತ್ತು ಅಂದೆ. ಅದಕ್ಕೆ ಇಷ್ಟು ದೊಡ್ಡ ಕೇಸು ಮಾಡ್ತೀರಾ?"

ಜಯಲತಾ ಪೆಟ್ಟಿಗೆ ತೆರೆದಳು. ಒಂದು ಎಂದು ಬರೆದ ಡಿಸ್ಕು ಇತ್ತು. ಎರಡು ಎಂದು ಬರೆದದ್ದಿತ್ತು. ಮೂರನೆಯ ಗುಳಿ ಖಾಲಿಯಿತ್ತು.

"ಹಾಕಿ ನೋಡಿದ್ದು ಯಾವುದನ್ನು? ಇಲ್ಲಿ ಎರಡೇ ಉಂಟು."

"ಕೊಟ್ಟದ್ದೇ ಎರಡು ಇರ್ಬೇಕು."

"ಈಗ ತಾನೇ ಮೂರೂ ಭಾಗ ನೋಡಿದೆ ಅಂದ್ರಿ."

ಕಾರ್ಖಾನೆಯ ಪಾಳಿ ಬದಲಾಗುವ ಸೈರನ್ನು ಎಲ್ಲೋ ಕೂಗಿ ನಿಂತಿತು.

ಆಗ ಸುಗಂಧಿ ಮುಂದೆ ಬಂದಳು. ಗಂಡ ಅಲ್ಲೇ ನಿಂತಿದ್ದಾನೆ, ಈಗ ಬಾಯಿ ತೆರೆದರೆ ಎಲ್ಲ ಬಯಲಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಅಣ್ಣನ ಸಫಾರಿಯ ತೋಳು ಹಿಡಿದು, ಊರಿನ ಅಂಗಳದಲ್ಲಿ ಚಿಕ್ಕಂದಿನಲ್ಲಿ ಕರೆಯುತ್ತಿದ್ದಂತೆ ತುಳುವಿನಲ್ಲಿ ಕೇಳಿದಳು. "ಎನ್ನ ಬಾಲೆ ಓಲುಂಡು ಅಣ್ಣಾ? ನನ್ನ ಮಗು ಎಲ್ಲಿ? ಬೈಯಿ, ಹೊಡಿ, ಎಂತ ಬೇಕಾದ್ರೂ ಮಾಡು. ಮದುವೆಯನ್ನೂ ಮಾಡು. ಬದುಕಿದ್ದಾಳಾ ಅಂತ ಮಾತ್ರ ಹೇಳು."

"ಸುಗಂಧೀ!" ಹರಿಶ್ಚಂದ್ರನ ದನಿ ಒಡೆಯಿತು. "ನಿನಗೆ ಗೊತ್ತಿತ್ತಾ? ಮುಡಿಪು ಮುಟ್ಟಿ ಹೇಳಿದ್ದೆಯಲ್ಲೇ!"

"ಅವಳು ಹೇಳಿದ್ದು ಸುಳ್ಳಲ್ಲ ಹರಿಶ್ಚಂದ್ರಣ್ಣ," ಎಂದಳು ಜಯಲತಾ. "ಎಲ್ಲಿದ್ದಾಳೆ ಅಂತ ಅವಳಿಗೆ ಆವಾಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಹೋಗ್ಲಿಕ್ಕೆ ನೀನು ಸಹಾಯ ಮಾಡಿದ್ಯಾ ಅಂತ ನಾವ್ಯಾರೂ ಕೇಳ್ಲೇ ಇಲ್ಲ. ಬೈಯುವುದಿದ್ರೆ ಆಮೇಲೆ ಬೈಯಿರಿ. ಈಗ ನಿಮ್ಮ ಭಾವ ಮಾತಾಡ್ಲಿ."

ಯಜ್ಞೇಶ್ವರ ತಂಗಿಯ ಕೈ ಕೊಡವಿದ. ಅವನ ಕುತ್ತಿಗೆ ಕೆಂಪಗಾಗಿತ್ತು. "ನನ್ನ ಮೇಲೆ ಸಂಶಯವಾ? ಎತ್ತಿ ಆಡಿಸಿದ ಹುಡುಗಿ ಅವಳು! ಯಾವಳೋ ದುಡ್ಡಿಗೆ ಬಂದವಳ ಮಾತು ಕೇಳಿ ಒಡಹುಟ್ಟಿದವನನ್ನು ಕಳ್ಳ ಅಂತೀಯಾ? ಬಾ ಇಲ್ಲಿ. ನಿನಗೆ ಆಣೆ ತಾನೇ ಬೇಕಾದ್ದು?"

ದಾಪುಗಾಲು ಹಾಕಿ ಅವನು ದೇವರ ಗೂಡಿನ ಮುಂದೆ ನಿಂತ. ಚಪ್ಪಲಿ ಕಳಚಿ ಬಂದಿದ್ದೇನೆಯೇ ಎಂದು ಒಮ್ಮೆ ಕಾಲು ನೋಡಿಕೊಂಡ. ಆಮೇಲೆ ಬಲಗೈಯನ್ನು ಚಾಚಿ ಹಳದಿ ಮುಡಿಪಿನ ಮೇಲೆ ಇಟ್ಟ.

"ಮಂಜುನಾಥನ ಆಣೆ. ತನ್ವಿ ಈಗ ಎಲ್ಲಿದ್ದಾಳೆ ಅಂತ ನನಗೆ ಗೊತ್ತಿಲ್ಲ. ಆಯ್ತಾ?"

ಸುಗಂಧಿ ಕಣ್ಣು ಮುಚ್ಚಿದಳು. ಹರಿಶ್ಚಂದ್ರ ಸೋಫಾದ ಮೇಲೆ ಕೂತುಬಿಟ್ಟ. ಅವರಿಬ್ಬರ ಮುಖದಲ್ಲೂ ಒಂದೇ ನಂಬಿಕೆ, ಅಣ್ಣ ಮುಡಿಪು ಮುಟ್ಟಿದ್ದಾನೆ, ಇನ್ನು ಅವನನ್ನು ಕೇಳುವುದೇನೂ ಇಲ್ಲ ಎಂದು.

ಜಯಲತಾಳೂ ನಂಬಿದಳು. ಈ ಮನುಷ್ಯ ಸುಳ್ಳು ಹೇಳುತ್ತಿಲ್ಲ. ಹುಡುಗಿ ಎಲ್ಲಿದ್ದಾಳೆ ಎಂದು ಇವನಿಗೆ ನಿಜವಾಗಿ ಗೊತ್ತಿಲ್ಲ. ಅದೇ ಅವಳಿಗೆ ಭಯ ತಂದದ್ದು. ಇವನಿಗೆ ಗೊತ್ತಿಲ್ಲವೆಂದರೆ, ಇವನು ದಾರಿ ತೋರಿಸಿದ ಇನ್ನೊಬ್ಬನಿಗೆ ಗೊತ್ತಿದೆ. ಒಮ್ಮೆ ಇದೇ ಗೂಡಿನ ಮುಂದೆ ಒಂದು ಮಾತು ಕೇಳಿ ತಾನು ಸುಮ್ಮನಾಗಿದ್ದಳು, ಅದರ ಬೆಲೆಯನ್ನು ಆ ಹುಡುಗಿ ತೆರುತ್ತಿದ್ದಾಳೆ.

ಅವಳು ನೋಯುವ ಕಾಲನ್ನು ಎಳೆದುಕೊಂಡು ಹೋಗಿ ಯಜ್ಞೇಶ್ವರನ ಪಕ್ಕದಲ್ಲಿ ನಿಂತಳು.

"ನಂಬಿದೆ ಯಜ್ಞೇಶ್ವರಣ್ಣ. ಕೈ ತೆಗೀಬೇಡಿ, ಇನ್ನೊಂದೇ ಮಾತು. ಆ ಮೂರನೇ ಡಿಸ್ಕನ್ನು ಮನೀಷನ ಕೈಗೆ ಕೊಡ್ಲಿಲ್ಲ ಅಂತ, ಇದೇ ಆಣೆಯ ಮೇಲೆ ಹೇಳಿಬಿಡಿ."

ಯಜ್ಞೇಶ್ವರ ಬಾಯಿ ತೆರೆದ. ದೀಪವನ್ನು ನೋಡಿದ, ತಂಗಿಯನ್ನು ನೋಡಿದ.

ಆಮೇಲೆ ಮುಡಿಪಿನ ಮೇಲಿಂದ ಕೈಯನ್ನು ಮೆಲ್ಲನೆ ಎತ್ತಿದ.